ಕಚೇರಿಯ ಸ್ಥಳೀಯ ಜಾಲದಲ್ಲಿ ನೆಟ್‌ವರ್ಕ್ ಸ್ವಿಚ್: ಕಾರ್ಯವಿಧಾನ ಹಾಗೂ ನಿರ್ವಹಣೆ

ಪೀಠಿಕೆ

ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿಗಳ ಕಚೇರಿ, ಉಪಖಜಾನೆ, ನಾಡಕಚೇರಿ ಮುಂತಾದ ಕಡೆಗಳಲ್ಲಿ ಸರದಿಯಲ್ಲಿ ನಿಂತ ಸಾರ್ವಜನಿಕರು ಅನೇಕ ಬಾರಿ ಕೇಳುವ ಉತ್ತರವೆಂದರೆ “ಸರ್ವರ್ ಡೌನ್ ಐತ್ರಿ” ಎಂಬುದಾಗಿದೆ. ಸರ್ವರ್ ಎಂಬುದು ಇಂದು ಬಹುತೇಕ ಸೇವೆಗಳಿಗೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿರುತ್ತದೆ. ಅಲ್ಲಿ ತೊಂದರೆಯಾದಲ್ಲಿ ಬಾದಾಮಿಯ ಅಥವಾ ಹುನಗುಂದದ ಕಚೇರಿಯಲ್ಲಿ ಮಾಡಬಹುದಾದುದು ಕಾಯುವುದೊಂದೇ. ಆದರೆ ಕೆಲಸ ನಿಂತಾಗಲೆಲ್ಲ ತೊಂದರೆ ಬೆಂಗಳೂರಿನಲ್ಲಿಯೇ ಇರಬೇಕೆಂದೇನೂ ಇಲ್ಲ. ಅದು ಅದೇ ಕಚೇರಿಯ ಗೋಡೆಗಳ ಒಳಗೆ, ಕಪಾಟಿನ ಹಿಂದೆ ಧೂಳು ಹಿಡಿದು ಕುಳಿತ ಸ್ವಿಚ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿಯೂ ಇರಬಹುದು. ಅಂತಹ ತೊಂದರೆಯನ್ನು ಗುರುತಿಸಲು ಹತ್ತು ನಿಮಿಷ ಸಾಕು. ಗುರುತಿಸದಿದ್ದಲ್ಲಿ ದೂರದ ಹಳ್ಳಿಯಿಂದ ಬಂದ ರೈತನ ಒಂದು ದಿನದ ದುಡಿಮೆ ಹಾಗೂ ಬಸ್ಸಿನ ಖರ್ಚು ವ್ಯರ್ಥವಾಗುತ್ತವೆ.

ಈ ಹಿನ್ನೆಲೆಯಲ್ಲಿ, ಸ್ವಿಚ್ ಎಂದರೇನು, ಅದು ಕಚೇರಿಯ ಗಣಕಯಂತ್ರಗಳನ್ನು ಪರಸ್ಪರ ಹೇಗೆ ಜೋಡಿಸುತ್ತದೆ ಮತ್ತು ಅದರ ಬಗ್ಗೆ ಯಾವ ಎಚ್ಚರಿಕೆ ಅವಶ್ಯ ಎಂಬ ಮಾಹಿತಿಯನ್ನು ಸಾರ್ವಜನಿಕರು, ಕಚೇರಿ ಸಿಬ್ಬಂದಿ ಹಾಗೂ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ. ತಾಂತ್ರಿಕ ಶಿಕ್ಷಣ ಪಡೆಯದವರಿಗೂ ಅರ್ಥವಾಗಬೇಕೆಂಬ ಉದ್ದೇಶದಿಂದ ಕಚೇರಿ ವ್ಯವಹಾರದ ಹೋಲಿಕೆಗಳನ್ನು ಬಳಸಲಾಗಿದೆ.

ಸ್ಥಳೀಯ ಜಾಲ ಮತ್ತು ವಿಶಾಲ ಜಾಲ

ಒಂದು ಕಟ್ಟಡ ಅಥವಾ ಒಂದು ಆವರಣದೊಳಗಿನ ಗಣಕಯಂತ್ರ, ಮುದ್ರಣಯಂತ್ರ, ಸ್ಕ್ಯಾನರ್ ಮುಂತಾದ ಸಾಧನಗಳನ್ನು ಜೋಡಿಸುವ ವ್ಯವಸ್ಥೆಗೆ ಸ್ಥಳೀಯ ಜಾಲ ಎಂದು ಹೆಸರು. ಊರಿಂದ ಊರಿಗೆ ಹೋಗುವುದು ವಿಶಾಲ ಜಾಲ. ರಾಜ್ಯದ ಕೇಂದ್ರವನ್ನು ಜಿಲ್ಲೆ ಹಾಗೂ ತಾಲ್ಲೂಕು ಕೇಂದ್ರಗಳೊಡನೆ ಜೋಡಿಸುವ ಕೆಸ್ವಾನ್ ಎಂಬ ಸರ್ಕಾರಿ ಜಾಲ ಈ ಎರಡನೆಯ ಬಗೆಯದು. ಸ್ಥಳೀಯ ಜಾಲದೊಳಗೆ ಸಾಧನಗಳನ್ನು ಜೋಡಿಸುವುದು ಸ್ವಿಚ್. ಸ್ಥಳೀಯ ಜಾಲವನ್ನು ಹೊರಗಿನ ಜಾಲಕ್ಕೆ ಜೋಡಿಸುವುದು ರೂಟರ್. ಮನೆಗಳಲ್ಲಿ ಇರುವ ವೈಫೈ ಪೆಟ್ಟಿಗೆಯಲ್ಲಿ ಎರಡೂ ಒಟ್ಟಿಗೆ ಸೇರಿರುವುದರಿಂದ ಈ ವ್ಯತ್ಯಾಸ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ.

ಸ್ವಿಚ್‌ನ ತಾಮ್ರದ ಕೇಬಲ್ಲಿಗೆ 100 ಮೀಟರ್ ಗರಿಷ್ಠ ಮಿತಿಯಿದೆ. ಆದ್ದರಿಂದ ಹುನಗುಂದ ಮತ್ತು ಇಳಕಲ್ ಎಷ್ಟೇ ಸಮೀಪದ ಊರುಗಳಾಗಿದ್ದರೂ ಅವುಗಳ ಕಚೇರಿಗಳನ್ನು ಕೇವಲ ಈ ಕೇಬಲ್ ಮತ್ತು ಸ್ವಿಚ್‌ಗಳಿಂದ ಜೋಡಿಸುವುದು ಸಾಧ್ಯವಿಲ್ಲ.

ಪಹಣಿಯ ಉದಾಹರಣೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ನಮ್ಮ ಭಾಗದ ರೈತರು ಇದನ್ನು ಉತಾರ ಎಂದೇ ಕರೆಯುತ್ತಾರೆ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳ ಕಿಯೋಸ್ಕ್‌ಗಳ ಮೂಲಕ ವಿತರಿಸಲು ಪ್ರಾರಂಭಿಸಲಾಯಿತು. ಆಗ ಪ್ರತಿ ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಕಿಯೋಸ್ಕ್‌ನಿಂದ ಸರ್ವರ್‌ಗೆ ಹೋಗುವ ದಾರಿ ಒಂದೇ ಕಟ್ಟಡದೊಳಗೆ ಮುಗಿಯುತ್ತಿತ್ತು. ಅನಂತರದ ವರ್ಷಗಳಲ್ಲಿ ದತ್ತಾಂಶವನ್ನು ಬೆಂಗಳೂರಿಗೆ ಕೇಂದ್ರೀಕರಿಸಲಾಯಿತು. ದಾರಿ ಉದ್ದವಾದರೂ ಅದರ ಮೊದಲ ಹೆಜ್ಜೆ ಬದಲಾಗಲಿಲ್ಲ. ಕಿಟಕಿಯ ಮುಂದಿನ ಗಣಕಯಂತ್ರದಿಂದ ಹೊರಟ ಕೋರಿಕೆ ಇಂದಿಗೂ ಮೊದಲು ತಲುಪುವುದು ಕಚೇರಿಯ ಸ್ವಿಚ್‌ಗೇ ಆಗಿದೆ.

ಸ್ವಿಚ್ ಬರುವ ಮುನ್ನ

ಸ್ಥಳೀಯ ಜಾಲಗಳಲ್ಲಿ ಇಂದು ಬಹುತೇಕ ಬಳಕೆಯಲ್ಲಿರುವ ಈಥರ್ನೆಟ್ ಪದ್ಧತಿಯು 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು. ರಾಬರ್ಟ್ ಮೆಟ್‌ಕಾಫ್ ಹಾಗೂ ಡೇವಿಡ್ ಬಾಗ್ಸ್ ಇದರ ರೂವಾರಿಗಳು. ಆರಂಭದಲ್ಲಿ ಎಲ್ಲ ಯಂತ್ರಗಳೂ ಒಂದೇ ಕೇಬಲ್ಲನ್ನು ಹಂಚಿಕೊಳ್ಳುತ್ತಿದ್ದವು. ಮುಂದೆ ಹಬ್ ಎಂಬ ಪೆಟ್ಟಿಗೆ ಬಂದಿತು. ಹಬ್‌ಗೆ ಬುದ್ಧಿಯಿಲ್ಲ. ಒಂದು ಪೋರ್ಟಿನಿಂದ ಬಂದುದನ್ನು ಉಳಿದೆಲ್ಲ ಪೋರ್ಟುಗಳಿಗೂ ಹಾಗೆಯೇ ಕಳುಹಿಸುತ್ತದೆ. ಒಬ್ಬ ನೌಕರರಿಗೆ ಬಂದ ಪತ್ರವನ್ನು ಜವಾನರು ಇಡೀ ಕಚೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದಂತೆ ಇದು. ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಆಗ ಎರಡೂ ಯಂತ್ರಗಳು ಸ್ವಲ್ಪ ಕಾಲ ಸುಮ್ಮನಿದ್ದು ಮತ್ತೆ ಪ್ರಯತ್ನಿಸಬೇಕು. ಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಈ ಘರ್ಷಣೆಗಳೂ ಹೆಚ್ಚಿ ಜಾಲ ಮಂದವಾಗುತ್ತಿತ್ತು. ಅಲ್ಲದೆ ಗೌಪ್ಯ ಮಾಹಿತಿ ಎಲ್ಲರ ಕೇಬಲ್ಲಿನಲ್ಲಿಯೂ ಹರಿಯುತ್ತಿತ್ತು.

ಈ ತೊಂದರೆಗೆ ಪರಿಹಾರವಾಗಿ 1990ರಲ್ಲಿ ಮಾರುಕಟ್ಟೆಗೆ ಬಂದ ಈಥರ್‌ಸ್ವಿಚ್ ಎಂಬ ಏಳು ಪೋರ್ಟುಗಳ ಸಾಧನವನ್ನು ಈಥರ್ನೆಟ್ ಸ್ವಿಚ್‌ಗಳಲ್ಲಿ ಮೊದಲನೆಯದೆಂದು ಪರಿಗಣಿಸಲಾಗುತ್ತದೆ. ಅದನ್ನು ತಯಾರಿಸಿದ ಕ್ಯಾಲಿಫೋರ್ನಿಯಾದ ಸಂಸ್ಥೆಯ ಹೆಸರು ‘ಕಲ್ಪನಾ’. ಸಂಸ್ಥಾಪಕರಲ್ಲಿ ಒಬ್ಬರಾದ ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ತಮ್ಮ ಪತ್ನಿಯ ಹೆಸರನ್ನೇ ಸಂಸ್ಥೆಗೆ ಇಟ್ಟಿದ್ದರು. 1994ರಲ್ಲಿ ಸಿಸ್ಕೋ ಸಂಸ್ಥೆಯು ಅದನ್ನು ಖರೀದಿಸಿತು. ಇಂದು ಪ್ರತಿ ಕಚೇರಿಯಲ್ಲಿರುವ ಪೆಟ್ಟಿಗೆಯ ವಂಶವೃಕ್ಷದಲ್ಲಿ ನಮಗೆ ಪರಿಚಿತವಾದ ಹೆಸರೊಂದಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಸ್ವಿಚ್ ಕೆಲಸ ಮಾಡುವ ಬಗೆ

ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ತಯಾರಕರು ನೀಡಿದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಇದು 48 ಬಿಟ್ ಉದ್ದವಿದ್ದು, ಎರಡೆರಡರಂತೆ ಆರು ಜೋಡಿಗಳಲ್ಲಿ ಒಟ್ಟು 12 ಅಂಕಿ ಅಕ್ಷರಗಳಾಗಿ ಬರೆಯಲ್ಪಡುತ್ತದೆ. ಮೊದಲರ್ಧ ತಯಾರಕರನ್ನು, ಉಳಿದರ್ಧ ಆ ನಿರ್ದಿಷ್ಟ ಯಂತ್ರವನ್ನು ಸೂಚಿಸುತ್ತದೆ. ಯಂತ್ರಗಳು ಕಳುಹಿಸುವ ಮಾಹಿತಿ ಚಿಕ್ಕ ಚಿಕ್ಕ ತುಣುಕುಗಳಾಗಿ ಸಾಗುತ್ತದೆ. ಒಂದು ತುಣುಕಿಗೆ ಫ್ರೇಮ್ ಎಂದು ಹೆಸರು; ಸಾಮಾನ್ಯವಾಗಿ ಅದರಲ್ಲಿ ಗರಿಷ್ಠ 1500 ಬೈಟ್ ಮಾಹಿತಿ ಹಿಡಿಸುತ್ತದೆ. ಪ್ರತಿ ಫ್ರೇಮಿನ ಮೇಲೆ ‘ಯಾರಿಗೆ’ ಹಾಗೂ ‘ಯಾರಿಂದ’ ಎಂಬ ಎರಡು ಮ್ಯಾಕ್ ವಿಳಾಸಗಳಿರುತ್ತವೆ. ಲಕೋಟೆಯ ಮೇಲಿನ ವಿಳಾಸಗಳಂತೆ ಇವನ್ನು ತಿಳಿಯತಕ್ಕದ್ದು.

ಹೊಸ ಸ್ವಿಚ್‌ಗೆ ವಿದ್ಯುತ್ ನೀಡಿದಾಗ ಅದಕ್ಕೆ ಯಾರ ಪರಿಚಯವೂ ಇರುವುದಿಲ್ಲ. ಅದರ ಆವಕ ಜಾವಕ ವಹಿ ಖಾಲಿಯಾಗಿರುತ್ತದೆ ಎನ್ನಬಹುದು. ಉದಾಹರಣೆಗಾಗಿ ಹುನಗುಂದದಂತಹ ಒಂದು ತಾಲ್ಲೂಕು ಕಚೇರಿಯಲ್ಲಿ 1ನೇ ಪೋರ್ಟಿಗೆ ಪಹಣಿ ಕಿಟಕಿಯ ಗಣಕಯಂತ್ರ, 2ನೇ ಪೋರ್ಟಿಗೆ ಮುದ್ರಣಯಂತ್ರ, 3ನೇ ಪೋರ್ಟಿಗೆ ಶಿರಸ್ತೇದಾರರ ಗಣಕಯಂತ್ರ ಮತ್ತು 8ನೇ ಪೋರ್ಟಿಗೆ ರೂಟರ್ ಜೋಡಿಸಲಾಗಿದೆಯೆಂದು ಭಾವಿಸೋಣ. ಕಿಟಕಿಯ ಗಣಕಯಂತ್ರವು ಮುದ್ರಣಯಂತ್ರಕ್ಕೆ ಒಂದು ಫ್ರೇಮ್ ಕಳುಹಿಸುತ್ತದೆ. ಸ್ವಿಚ್ ಮೊದಲು ‘ಯಾರಿಂದ’ ಎಂಬುದನ್ನು ಓದಿ, ಈ ವಿಳಾಸದವರು 1ನೇ ಪೋರ್ಟಿನಲ್ಲಿದ್ದಾರೆ ಎಂದು ತನ್ನ ವಹಿಯಲ್ಲಿ ನಮೂದಿಸಿಕೊಳ್ಳುತ್ತದೆ. ಆಮೇಲೆ ‘ಯಾರಿಗೆ’ ಎಂಬುದನ್ನು ನೋಡುತ್ತದೆ. ಮುದ್ರಣಯಂತ್ರ ಎಲ್ಲಿದೆಯೆಂದು ವಹಿಯಲ್ಲಿಲ್ಲ. ಆದುದರಿಂದ ಫ್ರೇಮ್ ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಅದನ್ನು ಕಳುಹಿಸುತ್ತದೆ. ತನಗಲ್ಲವೆಂದು ಶಿರಸ್ತೇದಾರರ ಯಂತ್ರ ಅದನ್ನು ಕೈಬಿಡುತ್ತದೆ. ಮುದ್ರಣಯಂತ್ರ ಮಾತ್ರ ಸ್ವೀಕರಿಸಿ ಉತ್ತರ ನೀಡುತ್ತದೆ. ಆ ಉತ್ತರದ ಲಕೋಟೆಯಿಂದ ಮುದ್ರಣಯಂತ್ರ 2ನೇ ಪೋರ್ಟಿನಲ್ಲಿದೆ ಎಂಬುದು ಸ್ವಿಚ್‌ಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಇವರಿಬ್ಬರ ವ್ಯವಹಾರ 1 ಮತ್ತು 2ನೇ ಪೋರ್ಟುಗಳ ನಡುವೆ ಮಾತ್ರ ನಡೆಯುತ್ತದೆ. ಅದೇ ಕ್ಷಣದಲ್ಲಿ ಶಿರಸ್ತೇದಾರರು 8ನೇ ಪೋರ್ಟಿನ ಮೂಲಕ ಬೆಂಗಳೂರಿನೊಡನೆ ವ್ಯವಹರಿಸಿದರೂ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ.

ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಸ್ವಿಚ್ ಕಲಿಯುವುದು ಕಳುಹಿಸಿದವರಿಂದಲೇ ಹೊರತು ಸ್ವೀಕರಿಸುವವರಿಂದಲ್ಲ. ಒಂದೂ ಮಾತಾಡದ ಯಂತ್ರ ಎಲ್ಲಿದೆಯೆಂದು ಅದಕ್ಕೆ ತಿಳಿಯದು. ಎರಡನೆಯದಾಗಿ, ವಹಿಯ ನಮೂದು ಶಾಶ್ವತವಲ್ಲ. ಬಹುತೇಕ ಸ್ವಿಚ್‌ಗಳಲ್ಲಿ 300 ಸೆಕೆಂಡು, ಅಂದರೆ 5 ನಿಮಿಷ, ಯಾವ ಫ್ರೇಮೂ ಬಾರದಿದ್ದಲ್ಲಿ ಆ ನಮೂದು ತಾನಾಗಿಯೇ ಅಳಿಯುತ್ತದೆ. ಇದರಿಂದ ಯಂತ್ರವನ್ನು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಸ್ಥಳಾಂತರಿಸಿದರೂ ಸ್ವಿಚ್‌ಗೆ ಯಾರೂ ತಿಳಿಸಬೇಕಾಗಿಲ್ಲ. ನಮ್ಮ ಕಚೇರಿಗಳ ವಿಳಾಸ ಪುಸ್ತಕಗಳೂ ಹೀಗೆಯೇ ಪರಿಷ್ಕೃತವಾಗುವಂತಿದ್ದರೆ ಎಷ್ಟೋ ಪತ್ರಗಳು ವರ್ಗಾವಣೆಯಾದ ಅಧಿಕಾರಿಗಳ ಹೆಸರಿಗೆ ಹೋಗುತ್ತಿರಲಿಲ್ಲ.

ಕೆಲವು ಫ್ರೇಮುಗಳು ಎಲ್ಲರಿಗೂ ಉದ್ದೇಶಿತವಾಗಿರುತ್ತವೆ. ಕಚೇರಿಯ ಸುತ್ತೋಲೆಯಂತೆ ಅವು ಎಲ್ಲ ಪೋರ್ಟುಗಳಿಗೂ ಹೋಗುತ್ತವೆ. ಗಣಕಯಂತ್ರಕ್ಕೆ ಸಾಮಾನ್ಯವಾಗಿ ಎದುರು ಯಂತ್ರದ ಐಪಿ ವಿಳಾಸ ಗೊತ್ತಿರುತ್ತದೆ, ಮ್ಯಾಕ್ ವಿಳಾಸ ಗೊತ್ತಿರುವುದಿಲ್ಲ. ಆಗ ಅದು ‘ಈ ಐಪಿ ವಿಳಾಸ ಯಾರದು’ ಎಂದು ಸುತ್ತೋಲೆ ಹೊರಡಿಸುತ್ತದೆ. ಸಂಬಂಧಪಟ್ಟ ಯಂತ್ರ ಮಾತ್ರ ತನ್ನ ಮ್ಯಾಕ್ ವಿಳಾಸವನ್ನು ತಿಳಿಸುತ್ತದೆ. ಈ ವಿಚಾರಣೆ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮುಗಿಯುವುದರಿಂದ ಬಳಕೆದಾರರಿಗೆ ತಿಳಿಯುವುದಿಲ್ಲ. ಮುಂದಿನ ಭಾಗದಲ್ಲಿ ವಿವರಿಸಿದ ಅಪಾಯಕ್ಕೆ ಮೂಲ ಮುಖ್ಯವಾಗಿ ಇಂತಹ ಸುತ್ತೋಲೆಗಳೇ ಆಗಿರುತ್ತವೆ.

ಕುಣಿಕೆಯ ಅಪಾಯ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳೊಡನೆ ಕುಣಿಕೆಗಳ ಮೂಲಕ ಜೋಡಿಸಲಾಗುತ್ತದೆ. ಆ ಸೀರೆಯ ವಿಶೇಷವೇ ಅದು. ಆದರೆ ಸ್ಥಳೀಯ ಜಾಲದಲ್ಲಿ ಒಂದೇ ಒಂದು ಕುಣಿಕೆ ಬಿದ್ದರೂ ಇಡೀ ಕಚೇರಿ ನಿಲ್ಲುತ್ತದೆ.

ಕುಣಿಕೆ ಬೀಳುವುದು ಬಹಳ ಸುಲಭ. ಮೇಜಿನ ಕೆಳಗೆ ಒಂದು ತುದಿ ಸಡಿಲವಾಗಿ ಬಿದ್ದಿರುವ ಕೇಬಲ್ಲನ್ನು ಕಂಡ ಯಾರಾದರೂ, ಸ್ವಚ್ಛತೆಯ ದೃಷ್ಟಿಯಿಂದ, ಅದನ್ನು ಸ್ವಿಚ್‌ನ ಖಾಲಿ ಪೋರ್ಟಿಗೆ ಸೇರಿಸುತ್ತಾರೆ. ಅದರ ಇನ್ನೊಂದು ತುದಿ ಅದೇ ಸ್ವಿಚ್‌ನಲ್ಲಿದ್ದರೆ, ಅಥವಾ ಎರಡು ಸ್ವಿಚ್‌ಗಳ ನಡುವೆ ಈಗಾಗಲೇ ಒಂದು ಕೇಬಲ್ ಇದ್ದು ಇದು ಎರಡನೆಯದಾದರೆ, ವೃತ್ತ ಪೂರ್ಣವಾಗುತ್ತದೆ. ಆಗ ಸುತ್ತೋಲೆ ಫ್ರೇಮೊಂದು ಒಂದು ದಾರಿಯಿಂದ ಹೊರಟು ಮತ್ತೊಂದು ದಾರಿಯಿಂದ ಹಿಂದಿರುಗುತ್ತದೆ. ಸ್ವಿಚ್ ಅದನ್ನು ಹೊಸದೆಂದೇ ಭಾವಿಸಿ ಪುನಃ ಎಲ್ಲರಿಗೂ ಕಳುಹಿಸುತ್ತದೆ. ಐಪಿ ಪೊಟ್ಟಣಗಳಿಗೆ ಇಷ್ಟು ರೂಟರ್‌ಗಳನ್ನು ದಾಟಿದ ಮೇಲೆ ಕೊನೆಗೊಳ್ಳಬೇಕೆಂಬ ಆಯುಷ್ಯ ನಿಗದಿಯಾಗಿರುತ್ತದೆ. ಈಥರ್ನೆಟ್ ಫ್ರೇಮಿಗೆ ಅಂತಹ ಆಯುಷ್ಯವಿಲ್ಲ. ಅದು ಕೇಬಲ್ ಕೀಳುವವರೆಗೂ ಸುತ್ತುತ್ತದೆ. ಪ್ರತಿ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಒಂದು ಪೋರ್ಟಿನಲ್ಲಿ ಅತಿ ಚಿಕ್ಕ ಗಾತ್ರದ ಫ್ರೇಮುಗಳು ಸೆಕೆಂಡಿಗೆ ಸುಮಾರು 1,48,800ರವರೆಗೆ ಸಾಗಬಲ್ಲವು. ಪಹಣಿಯ ಕೋರಿಕೆಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಇದನ್ನು ಸುತ್ತೋಲೆಗಳ ಬಿರುಗಾಳಿ ಎಂದು ಕರೆಯಬಹುದು. ಹೊರನೋಟಕ್ಕೆ ಎಲ್ಲ ಯಂತ್ರಗಳೂ ಚಾಲನೆಯಲ್ಲಿರುತ್ತವೆ, ಆದರೆ ಯಾವ ಕೆಲಸವೂ ಆಗುವುದಿಲ್ಲ. ಕಿಟಕಿಯಲ್ಲಿ “ಸರ್ವರ್ ಡೌನ್” ಎಂಬ ಉತ್ತರ ಬರುವುದು ಆಗಲೇ.

ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಪರಿಹಾರವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳಾ ವಿಜ್ಞಾನಿ ರೂಪಿಸಿದರು. ಈ ವ್ಯವಸ್ಥೆ ಇರುವ ಸ್ವಿಚ್‌ಗಳು ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡು, ಕುಣಿಕೆಗೆ ಕಾರಣವಾಗುವ ಹೆಚ್ಚುವರಿ ದಾರಿಯನ್ನು ತಾವೇ ಮುಚ್ಚುತ್ತವೆ. ಮುಖ್ಯ ದಾರಿ ಕಡಿದುಹೋದರೆ ಮುಚ್ಚಿದುದನ್ನು ತೆರೆಯುತ್ತವೆ. ಹಳೆಯ ಮಾದರಿಯಲ್ಲಿ ಹೊಸದಾಗಿ ಜೋಡಿಸಿದ ಪೋರ್ಟು ತೆರೆಯಲು 30 ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಕೇಬಲ್ ಹಾಕಿದ ಕೂಡಲೇ ಸಂಪರ್ಕ ಬರಲಿಲ್ಲವೆಂದು ಮತ್ತೆ ಮತ್ತೆ ಕಿತ್ತು ಹಾಕದೆ ಅರ್ಧ ನಿಮಿಷ ಕಾಯುವುದು ಸೂಕ್ತ. ಅಗ್ಗದ, ನಿರ್ವಹಣಾ ಸೌಲಭ್ಯವಿಲ್ಲದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರುವುದಿಲ್ಲ. ಖರೀದಿಯ ವೇಳೆ ಕನಿಷ್ಠ ದರವನ್ನಷ್ಟೇ ನೋಡಿದರೆ ಉಳಿತಾಯವಾದ ಹಣ ನಿಂತುಹೋದ ಒಂದೇ ದಿನದಲ್ಲಿ ಖರ್ಚಾಗುತ್ತದೆ. ಆ ಖರ್ಚು ನಮ್ಮ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಸಾರ್ವಜನಿಕರ ಜೇಬಿನಲ್ಲಿ ಕಾಣುತ್ತದೆ.

ಈ ಪರಿಹಾರಕ್ಕೂ ಮಿತಿಯಿದೆ. ಅಮೆರಿಕದ ಬೋಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದಲ್ಲಿ 2002ರ ನವೆಂಬರ್ ತಿಂಗಳಲ್ಲಿ ಜಾಲವು ಸುಮಾರು ನಾಲ್ಕು ದಿನಗಳ ಕಾಲ ಅಸ್ತವ್ಯಸ್ತಗೊಂಡು, ವೈದ್ಯರು ಹಾಗೂ ದಾದಿಯರು ಕಾಗದದ ನಮೂನೆಗಳಿಗೆ ಮರಳಬೇಕಾಯಿತು. ವರ್ಷಗಳಿಂದ ಸ್ವಿಚ್‌ಗೆ ಸ್ವಿಚ್ ಸೇರಿಸುತ್ತಾ ಹೋದ ಜಾಲ, ಸ್ಪ್ಯಾನಿಂಗ್ ಟ್ರೀ ನಿಭಾಯಿಸಬಲ್ಲ ಮಿತಿಯನ್ನು ಮೀರಿ ಬೆಳೆದಿತ್ತು. ಅಷ್ಟು ದೊಡ್ಡ ಆಸ್ಪತ್ರೆಗೇ ಹೀಗಾಗಿರುವಾಗ, ‘ಇನ್ನೊಂದು ಚಿಕ್ಕ ಪೆಟ್ಟಿಗೆ ಹಾಕಿದರಾಯಿತು’ ಎಂದು ಕೊಠಡಿಗೊಂದು ಸ್ವಿಚ್ ಸರಪಳಿ ಕಟ್ಟುವ ನಮ್ಮ ಅಭ್ಯಾಸವನ್ನು ಮರುಪರಿಶೀಲಿಸುವುದು ಒಳಿತು.

ಹೊಸ ಕಚೇರಿಗಳು, ಹಳೆಯ ಕಟ್ಟಡಗಳು

ಬಾಗಲಕೋಟೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. ಮೊದಲು ಹುನಗುಂದ ತಾಲ್ಲೂಕಿಗೆ ಸೇರಿದ್ದ ಇಳಕಲ್, 2017ನೇ ಸಾಲಿನಲ್ಲಿ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಬಾದಾಮಿಯಿಂದ ಗುಳೇದಗುಡ್ಡವೂ ಅದೇ ರೀತಿ ಪ್ರತ್ಯೇಕವಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿ, ಹೊಸ ಕಚೇರಿ ಎಂದರೆ ಹೊಸ ಸ್ಥಳೀಯ ಜಾಲ. ಜಾಲವನ್ನು ಗೋಡೆಗೆ ಸುಣ್ಣ ಹಚ್ಚುವ ಮುನ್ನವೇ ಯೋಜಿಸಿದರೆ ಕೇಬಲ್ಲುಗಳು ಕೊಳವೆಯೊಳಗೆ ಹೋಗುತ್ತವೆ. ತಡವಾದರೆ ಬಾಗಿಲ ಸಂದಿಯಲ್ಲಿ ಹಾದು, ಬಾಗಿಲು ಮುಚ್ಚಿದಾಗಲೆಲ್ಲ ಜಜ್ಜಿಹೋಗುತ್ತವೆ.

ಮೇಲೆ ಹೇಳಿದ 100 ಮೀಟರ್ ಮಿತಿಯಲ್ಲಿ ಗೋಡೆಯೊಳಗಿನ ಕೇಬಲ್ಲಿಗೆ 90 ಮೀಟರ್ ಮತ್ತು ಎರಡೂ ತುದಿಯ ಚಿಕ್ಕ ಕೇಬಲ್ಲುಗಳಿಗೆ ಒಟ್ಟು 10 ಮೀಟರ್ ಎಂದು ಲೆಕ್ಕ ಹಾಕಲಾಗುತ್ತದೆ. ಕೇಬಲ್ಲಿನೊಳಗೆ ನಾಲ್ಕು ಜೋಡಿಗಳಲ್ಲಿ ಎಂಟು ತಂತಿಗಳಿರುತ್ತವೆ. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. 1000 ಮೆಗಾಬಿಟ್‌ಗೆ ನಾಲ್ಕೂ ಬೇಕು. ಒಂದು ತಂತಿ ತುಂಡಾದರೆ ಸಂಪರ್ಕ ಪೂರ್ತಿ ನಿಲ್ಲದೆ ವೇಗ ಮಾತ್ರ ಕುಸಿಯಬಹುದು. ‘ನಡೆಯುತ್ತಿದೆ, ಆದರೆ ನಿಧಾನ’ ಎಂಬ ದೂರಿಗೆ ಇದೂ ಒಂದು ಕಾರಣ.

ಒಂದೇ ಆವರಣದ ಎರಡು ಕಟ್ಟಡಗಳನ್ನು ಜೋಡಿಸುವಾಗ ದೂರ ಕಡಿಮೆಯಿದ್ದರೂ ತಾಮ್ರದ ಬದಲು ಆಪ್ಟಿಕಲ್ ಫೈಬರ್ ಬಳಸುವುದು ಯೋಗ್ಯ. ಫೈಬರ್‌ನಲ್ಲಿ ಹರಿಯುವುದು ಬೆಳಕೇ ಹೊರತು ವಿದ್ಯುತ್ತಲ್ಲ. ಆದುದರಿಂದ ಮುಂಗಾರು ಪೂರ್ವದ ಗುಡುಗು ಸಿಡಿಲಿನಲ್ಲಿ ಒಂದು ಕಟ್ಟಡಕ್ಕೆ ಬಡಿದ ವಿದ್ಯುದಾಘಾತವು ಅದರ ಮೂಲಕ ಇನ್ನೊಂದು ಕಟ್ಟಡದ ಯಂತ್ರಗಳಿಗೆ ಹಾಯುವುದಿಲ್ಲ. ಬಾದಾಮಿಯಲ್ಲಿ ಮಾತ್ರ ನೆಲ ಅಗೆಯುವ ಮುನ್ನ ಇನ್ನೊಂದು ವಿಷಯ ಪರಿಶೀಲಿಸಬೇಕು. ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶವೂ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವೂ ಆಗಿರುತ್ತದೆ. ಕೇಬಲ್ ಕಾಲುವೆಯ ಮಾರ್ಗ ಇವುಗಳಲ್ಲಿ ಹಾಯುವಂತಿದ್ದರೆ ಪುರಾತತ್ವ ಇಲಾಖೆಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.

ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ಸ್ವಿಚ್‌ನ ಪ್ರತಿ ಪೋರ್ಟಿಗೂ ಒಂದು ಪುಟ್ಟ ದೀಪವಿರುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ದೀಪವೇ ಉರಿಯದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ತುಂಡಾಗಿದೆ, ಇಲ್ಲವೇ ಆ ತುದಿಯ ಯಂತ್ರ ಬಂದಾಗಿದೆ. ದೀಪ ಉರಿಯುತ್ತಾ ಆಗಾಗ ಮಿನುಗಿದರೆ ವ್ಯವಹಾರ ನಡೆದಿದೆ ಎಂದರ್ಥ. ಎಲ್ಲ ದೀಪಗಳೂ ಒಟ್ಟಿಗೆ, ಬಿಡುವಿಲ್ಲದೆ, ಅತಿ ವೇಗವಾಗಿ ಮಿನುಗುತ್ತಿದ್ದು ಯಾರ ಕೆಲಸವೂ ಆಗದಿದ್ದರೆ ಕುಣಿಕೆಯನ್ನು ಶಂಕಿಸಬೇಕು. ಆಗ ಇತ್ತೀಚೆಗೆ ಯಾರು ಯಾವ ಕೇಬಲ್ ಮುಟ್ಟಿದರು ಎಂದು ಮೊದಲು ಕೇಳಿ, ಉತ್ತರ ಸಿಗದಿದ್ದಲ್ಲಿ ಕೇಬಲ್ಲುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಿರುಗಾಳಿ ನಿಲ್ಲುವುದನ್ನು ನೋಡಬೇಕು.

ಒಬ್ಬರ ಯಂತ್ರ ಮಾತ್ರ ನಿಂತಿದ್ದರೆ ದೋಷ ಸಾಮಾನ್ಯವಾಗಿ ಆ ಮೇಜಿನದು ಅಥವಾ ಆ ಪೋರ್ಟಿನದು. ಕಚೇರಿಯೊಳಗಿನ ಮುದ್ರಣಯಂತ್ರಕ್ಕೆ ಜಾಲದ ಮೂಲಕ ಮುದ್ರಣ ಹೋಗುತ್ತಿದ್ದು ಹೊರಗಿನ ಯಾವ ಜಾಲತಾಣವೂ ತೆರೆಯದಿದ್ದರೆ ಸ್ವಿಚ್ ಸರಿಯಿದೆ, ತೊಂದರೆ ರೂಟರ್‌ನಲ್ಲಿ ಅಥವಾ ಹೊರಗಿನ ಮಾರ್ಗದಲ್ಲಿದೆ. ಇತರ ಜಾಲತಾಣಗಳು ತೆರೆದು ನಿರ್ದಿಷ್ಟ ಒಂದು ಸೇವೆ ಮಾತ್ರ ತೆರೆಯದಿದ್ದಾಗ “ಸರ್ವರ್ ಡೌನ್” ಎಂಬ ಮಾತಿಗೆ ಆಧಾರವಿರುತ್ತದೆ. ಈ ಮೂರು ಪರೀಕ್ಷೆಗಳನ್ನು ಮಾಡಿ ಉತ್ತರ ಹೇಳಿದರೆ ಸರದಿಯಲ್ಲಿರುವವರು ಕಾಯಬೇಕೋ, ನಾಳೆ ಬರಬೇಕೋ ಎಂದು ತಾವೇ ನಿರ್ಧರಿಸಬಲ್ಲರು.

ಇನ್ನೊಂದು ದೋಷ ಮೋಸಗೊಳಿಸುವಂತಹುದು. ಮನೆಯಿಂದ ತಂದ ವೈಫೈ ರೂಟರನ್ನು ಕಚೇರಿಯ ಸ್ವಿಚ್‌ಗೆ ಜೋಡಿಸಿದಾಗ, ಅದು ತಾನೇ ಜಾಲದ ಯಜಮಾನನೆಂದು ಭಾವಿಸಿ ಎಲ್ಲ ಯಂತ್ರಗಳಿಗೂ ತಪ್ಪು ಐಪಿ ವಿಳಾಸ ಹಂಚತೊಡಗಬಹುದು. ದೀಪಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಬೆಳಿಗ್ಗೆ ಯಂತ್ರ ಚಾಲು ಮಾಡಿದವರಿಗೆ ಮಾತ್ರ ಸಂಪರ್ಕ ಇರುವುದಿಲ್ಲ. ಅನುಮತಿಯಿಲ್ಲದ ಯಾವುದೇ ಸಾಧನವನ್ನು ಸ್ವಿಚ್‌ಗೆ ಜೋಡಿಸಬಾರದೆಂಬ ಸೂಚನೆಗೆ ಗೌಪ್ಯತೆಯಷ್ಟೇ ಅಲ್ಲದೆ ಇದೂ ಕಾರಣವಾಗಿದೆ.

ವಿಭಾಗಗಳ ಪ್ರತ್ಯೇಕತೆ

ನಿರ್ವಹಣಾ ಸೌಲಭ್ಯವುಳ್ಳ ಸ್ವಿಚ್‌ನಲ್ಲಿ ಒಂದೇ ಪೆಟ್ಟಿಗೆಯನ್ನು ಹಲವು ಪ್ರತ್ಯೇಕ ಜಾಲಗಳಂತೆ ವಿಂಗಡಿಸಬಹುದು. ಇದಕ್ಕೆ ವಿಎಲ್ಯಾನ್ ಎಂದು ಹೆಸರು. 1998ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು. ಸಾರ್ವಜನಿಕರು ಬಳಸುವ ಕಿಯೋಸ್ಕ್ ಒಂದು ವಿಭಾಗದಲ್ಲಿ, ಲೆಕ್ಕ ಶಾಖೆ ಮತ್ತೊಂದರಲ್ಲಿ, ಸಿಸಿ ಕ್ಯಾಮೆರಾಗಳು ಇನ್ನೊಂದರಲ್ಲಿ ಇದ್ದರೆ ಒಂದರ ಸುತ್ತೋಲೆ ಮತ್ತೊಂದಕ್ಕೆ ಹೋಗುವುದಿಲ್ಲ. ಹಣಕಾಸಿನ ಯಂತ್ರಗಳಿರುವ ಕಚೇರಿಗೆ ಇದು ಐಷಾರಾಮವಲ್ಲ, ಅವಶ್ಯಕತೆ.

ದೈನಂದಿನ ನಿರ್ವಹಣೆ

ಗಣಕಯಂತ್ರಗಳಿಗೆ ಯುಪಿಎಸ್ ಇದ್ದು ಸ್ವಿಚ್‌ಗೆ ಇಲ್ಲದಿದ್ದರೆ, ವಿದ್ಯುತ್ ಹೋದಾಗ ಯಂತ್ರಗಳು ಉಳಿದರೂ ಸಂಪರ್ಕ ಉಳಿಯದು. ಸ್ವಿಚ್ ಹಾಗೂ ರೂಟರ್ ಎರಡನ್ನೂ ಯುಪಿಎಸ್‌ಗೆ ಜೋಡಿಸತಕ್ಕದ್ದು. ಬೇಸಿಗೆಯ ಬಿಸಿಲಿನಲ್ಲಿ ಗಾಳಿಯಾಡದ ಕಪಾಟಿನೊಳಗೆ ಸ್ವಿಚ್ ಇಡಬಾರದು. ಗಾಳಿಕಿಂಡಿಗಳ ಮೇಲೆ ಕಡತಗಳನ್ನು ಪೇರಿಸಬಾರದು. ಕೇಬಲ್ಲಿನ ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ, ಯಾವ ಪೋರ್ಟಿನಲ್ಲಿ ಯಾವ ಮೇಜಿನ ಯಂತ್ರವಿದೆ ಎಂಬ ಪಟ್ಟಿಯನ್ನು ಸ್ವಿಚ್‌ನ ಪಕ್ಕದ ಗೋಡೆಯ ಮೇಲೆ ಹಚ್ಚಬೇಕು. ಸಿಬ್ಬಂದಿ ವರ್ಗಾವಣೆಯಾದಾಗ ಈ ಪಟ್ಟಿಯೂ ಪ್ರಭಾರ ವಹಿಸಿಕೊಡುವ ದಾಖಲೆಗಳಲ್ಲಿ ಸೇರಿರುವುದು ಅಪೇಕ್ಷಣೀಯ.

ನಿರುಪಯುಕ್ತವಾದ ಸ್ವಿಚ್ಚನ್ನು ದಾಸ್ತಾನು ವಹಿಯಿಂದ ತೆಗೆಯುವ ಮುನ್ನ ಅದರಲ್ಲಿರುವ ಗುಪ್ತಪದ ಹಾಗೂ ವಿನ್ಯಾಸದ ವಿವರಗಳನ್ನು ಅಳಿಸಿ, ಮರುಹೊಂದಿಸುವ ಗುಂಡಿಯ ಮೂಲಕ ಮೂಲಸ್ಥಿತಿಗೆ ತರಬೇಕು. ಅನಂತರ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ನೀಡತಕ್ಕದ್ದು. ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕತಕ್ಕದ್ದಲ್ಲ.